ಹಳೆಯ ಕಾರಿನ ಬಾಡಿ: ಬಣ್ಣ ಉಬ್ಬಿದರೆ, ಬಾಗಿಲು ಜೋತರೆ, ತಗಡು ಟಪ್ಪೆಂದರೆ

ಹಳೆಯ ಕಾರು ಕೈಗೆ ಬಂದೊಡನೆ ತಗಡು ಉಜ್ಜುವ ಗ್ರೈಂಡರ್ ಎತ್ತಿಕೊಳ್ಳುವುದು ಎಲ್ಲರ ಆಸೆ. ದಯವಿಟ್ಟು ತಡೆಯಿರಿ. ಬಾಡಿಯ ಮೇಲೆ ಕಣ್ಣಿಗೆ ಬೀಳುವ ದೋಷ ಒಂದು ಕಡೆ ಇದ್ದರೆ ಅದರ ಮೂಲ ಸಾಮಾನ್ಯವಾಗಿ ಇನ್ನೊಂದು ಕಡೆ, ತಗಡಿನ ಒಳಮೈಯಲ್ಲಿ ಇರುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು ಎಂಬುದು ಗೊತ್ತಾಗದೆ ಉಜ್ಜಿ ಬಣ್ಣ ಹೊಡೆದರೆ ಅದೇ ಜಾಗದಲ್ಲಿ ಅದೇ ಗುಳ್ಳೆ ಮತ್ತೆ ಏಳುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಪ್ರತಿ ಲಕ್ಷಣಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆಗಳು, ಆಮೇಲೆ ಬಿಚ್ಚುವ, ಕತ್ತರಿಸುವ, ಬೆಸೆಯುವ ಮಾತು.

ಆರಂಭಕ್ಕೆ ಬೇಕಾದದ್ದು ಇಷ್ಟೇ: ಒಂದು ಸಣ್ಣ ಆಯಸ್ಕಾಂತ, ಟಾರ್ಚ್, ಮೊಂಡು ಸ್ಕ್ರೂಡ್ರೈವರ್, ಸೀಮೆಸುಣ್ಣ, ಸೂಜಿ.

ಕೈ ಹಾಕುವ ಮುನ್ನ

ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಕೆಸರನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಿ, ಚರಂಡಿಗೆ ಬಿಡಬೇಡಿ. ದೂಳು ತಡೆಯುವ ಒಳ್ಳೆಯ ಶ್ವಾಸಕವಚ ಬೇಕು. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಲೆಕ್ಕಕ್ಕಿಲ್ಲ. ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಹೋಗಬೇಡಿ. ಮಕ್ಕಳು, ಗರ್ಭಿಣಿಯರು ಇರುವ ಮನೆಯಾದರೆ ಈ ಮಾತನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಕೆಲವು ಹಳೆಯ ತಳಲೇಪನಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಕೂಡ ಇರುತ್ತಿತ್ತು. ಅನುಮಾನ ಬಂದರೆ ಕೆರೆಯುವ ಮುನ್ನ ಪರೀಕ್ಷೆ ಮಾಡಿಸಿ.

ಬ್ಯಾಟರಿಯ ತಂತಿ ಬಿಚ್ಚಿ. ಜ್ಯಾಕ್ ಕಾರನ್ನು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಸ್ಟ್ಯಾಂಡ್ ಇಡದೆ ಕೆಳಗೆ ತಲೆ ತೂರಿಸಬೇಡಿ. ತುಕ್ಕು ಹಿಡಿದ ಕಾರಿನಲ್ಲಿ ಜ್ಯಾಕ್ ಕೊಡುವ ಜಾಗವೇ ಕುಸಿಯಬಹುದು. ಹಾಗೆ ಕುಸಿದರೆ ಅದೇ ಒಂದು ಲಕ್ಷಣ, ಮುಂದೆ ಬಾಗಿಲಿನ ಭಾಗದಲ್ಲಿ ಅದರ ಮಾತು ಬರುತ್ತದೆ.

ಬಣ್ಣ ಗುಳ್ಳೆಗಳಾಗಿ ಎದ್ದಿದೆ

ಗುಳ್ಳೆ ಎಲ್ಲಿದೆ ಎಂಬುದೇ ಅರ್ಧ ಉತ್ತರ. ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡಿನ ಹಿಂಬದಿ, ಹೆಡ್‌ಲೈಟಿನ ಸುತ್ತ, ಗಾಜಿನ ರಬ್ಬರಿನ ಕೆಳಗೆ, ಎರಡು ತಗಡು ಮಡಿಸಿ ಕೂಡಿಸಿದ ಜಾಗ: ಇಲ್ಲೆಲ್ಲ ಎದ್ದ ಗುಳ್ಳೆ ಒಳಗಿನಿಂದ ಬಂದ ತುಕ್ಕು ಎಂದೇ ಹಿಡಿದು ಹೊರಡಿ. ಮಡಿಕೆಯ ಸಂದಿಗೆ ಹೊಕ್ಕ ನೀರು ಬೇಗ ಆರುವುದಿಲ್ಲ. ಕೆಸರು ತುಂಬಿಕೊಂಡರಂತೂ ತಿಂಗಳುಗಟ್ಟಲೆ ತೇವ ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ.

ಛಾವಣಿ, ಬಾನೆಟ್‌ನಂಥ ಅಗಲ ಜಾಗದ ನಟ್ಟನಡುವೆ, ಒಂದೇ ಗಾತ್ರದ ಪುಟ್ಟ ಗುಳ್ಳೆಗಳು ಎರಚಿದಂತೆ ಹರಡಿದ್ದರೆ ಕಥೆ ಬೇರೆ. ಅದು ಬಹುಪಾಲು ಬಣ್ಣದ ಪದರಗಳ ನಡುವೆ ಸಿಕ್ಕಿಬಿದ್ದ ತೇವ, ಅಥವಾ ಸರಿಯಾಗಿ ಒರೆಸದೆ ಬಣ್ಣ ಹೊಡೆದದ್ದರ ಫಲ.

ಸೂಜಿಯಿಂದ ಒಂದು ಗುಳ್ಳೆ ಚುಚ್ಚಿ ನೋಡಿ. ಕಂದು ಪುಡಿ ಬಂದರೆ ತುಕ್ಕು. ನೀರಿನ ಹನಿ ಬಂದು, ಕೆಳಗೆ ಪ್ರೈಮರ್ ಗಟ್ಟಿಯಾಗಿ ಕಂಡರೆ ದೋಷ ಬಣ್ಣದ್ದು. ತಗಡು ಸುರಕ್ಷಿತ, ಬಣ್ಣ ತೆಗೆದು ಮತ್ತೆ ಹಾಕಿದರಾಯಿತು.

ತುಕ್ಕಾಗಿದ್ದರೆ ಚಾಕುವಿನ ಮೊಂಡು ತುದಿಯಿಂದ ಬಣ್ಣವನ್ನು ಹಿಂದಕ್ಕೆ ಕೆರೆಯುತ್ತಾ ಹೋಗಿ, ಬಣ್ಣ ತಗಡನ್ನು ಬಿಗಿಯಾಗಿ ಹಿಡಿದ ಜಾಗ ಸಿಗುವವರೆಗೆ. ನಾಣ್ಯದಷ್ಟು ಗುಳ್ಳೆ ಅಂಗೈಯಗಲಕ್ಕೆ ಬಿಚ್ಚಿಕೊಂಡರೆ ಅಚ್ಚರಿಪಡಬೇಡಿ. ಈಗ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ, ತುದಿಯಿಂದ ಒತ್ತಿ. ಮೂರರಲ್ಲಿ ಒಂದು ಕಾಣುತ್ತದೆ. ತಗಡು ನಯವಾಗಿ, ಕಂದು ಬಣ್ಣ ಮಾತ್ರ ಹಿಡಿದಿದ್ದರೆ ಮೇಲ್ಪದರದ ತುಕ್ಕು: ತಂತಿ ಬ್ರಷ್, 80ನೇ ನಂಬರಿನ ಎಮರಿ ಕಾಗದ, ಫಾಸ್ಫಾರಿಕ್ ಆಮ್ಲದ ದ್ರಾವಣ, ಅದರ ಡಬ್ಬಿಯ ಮೇಲೆ ಬರೆದಂತೆ ತೊಳೆದು ಒಣಗಿಸಿ ಎಪಾಕ್ಸಿ ಪ್ರೈಮರ್. ಸಣ್ಣ ಕುಳಿಗಳಿದ್ದು ಅವುಗಳ ತಳದಲ್ಲಿ ಕಪ್ಪು ಚುಕ್ಕೆ ಉಳಿದಿದ್ದರೆ ಕೆಲಸ ಮುಗಿದಿಲ್ಲ. ಆ ಕಪ್ಪೇ ನಾಳಿನ ಗುಳ್ಳೆ. ಸ್ಕ್ರೂಡ್ರೈವರ್ ಒಳಗೇ ಹೋಯಿತೆಂದರೆ, ಅಥವಾ ಒತ್ತಿದಾಗ ತಗಡು ಕಾಗದದಂತೆ ಬಾಗಿತೆಂದರೆ ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ದಾರಿ. ಫೈಬರ್ ಹಾಸಿ ಪುಟ್ಟಿ ಮೆತ್ತುವುದು ದುರಸ್ತಿಯಲ್ಲ, ಮುಚ್ಚಿಡುವುದು.

ಬಿಚ್ಚಿ ತೆಗೆಯಬಹುದಾದ ಸಣ್ಣ ಭಾಗಗಳಿಗೆ ವಿದ್ಯುದ್ವಿಭಜನೆ, ಅಂದರೆ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು, ಸೊಗಸಾದ ಉಪಾಯ. ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ಅದರಲ್ಲಿ ಮುಳುಗಿಸಿದ ತುಕ್ಕಿನ ಭಾಗಕ್ಕೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಬೇಡದ ಸಾದಾ ಕಬ್ಬಿಣದ ತುಂಡಿಗೆ ಧನ ತಂತಿ. ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಎಂದೂ ಬಳಸಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಜಲಜನಕ ಹೊರಡುವುದರಿಂದ ಬಯಲಿನಲ್ಲೇ ಮಾಡಿ, ಹತ್ತಿರ ಕಿಡಿ ಇರಬಾರದು, ತಂತಿ ಮುಟ್ಟುವ ಮುನ್ನ ವಿದ್ಯುತ್ ಆರಿಸಿ.

ಮರಳೂದುವಿಕೆ, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು, ಬೇಗ ಮುಗಿಯುತ್ತದೆ ನಿಜ. ಆದರೆ ಬಾನೆಟ್, ಛಾವಣಿಯಂಥ ಅಗಲ ತಗಡಿಗೆ ಜೋರಾಗಿ ಮರಳೂದಿಸಿದರೆ ತಗಡು ಸೊಟ್ಟಗಾಗುತ್ತದೆ. ಅದನ್ನು ಚಾಸಿಗೆ (ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟಿಗೆ), ಬ್ರಾಕೆಟ್‌ಗಳಿಗೆ ಮೀಸಲಿಡಿ.

ಆಯಸ್ಕಾಂತ ಹಿಡಿಯುತ್ತಿಲ್ಲ, ಬಡಿದರೆ ಮಂದ ಸದ್ದು

ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ನಿಧಾನವಾಗಿ ಎಳೆಯಿರಿ. ಎಲ್ಲಿ ಹಿಡಿತ ಸಡಿಲವಾಯಿತೋ ಅಲ್ಲಿ ಸೀಮೆಸುಣ್ಣದ ಗೆರೆ. ತೀರಾ ಬಲವಾದ ಆಯಸ್ಕಾಂತ ಬೇಡ, ಅದು ದಪ್ಪ ಪುಟ್ಟಿಯ ಮೂಲಕವೂ ಹಿಡಿದು ದಾರಿ ತಪ್ಪಿಸುತ್ತದೆ. ಆಮೇಲೆ ಬೆರಳ ಗಿಣ್ಣಿನಿಂದ ಬಡಿಯಿರಿ. ಬರಿ ತಗಡು ದನಿ ಕೊಡುತ್ತದೆ, ಪುಟ್ಟಿ ತುಂಬಿದ್ದು ಮೂಕವಾಗಿರುತ್ತದೆ.

ಎಲ್ಲಿಯೂ ಹಿಡಿಯದಿದ್ದರೆ ಗಾಬರಿ ಬೇಡ. ಬಾಡಿಯೇ ಕಬ್ಬಿಣದ್ದಲ್ಲದಿರಬಹುದು. ಹಳೆಯ ಲ್ಯಾಂಡ್ ರೋವರ್‌ಗಳ ಹೊರಮೈ ಬಹುತೇಕ ಅಲ್ಯೂಮಿನಿಯಂ ಮಿಶ್ರಲೋಹದ್ದು, 1953ರಲ್ಲಿ ಬಂದ ಶೆವರ್ಲೆ ಕಾರ್ವೆಟ್‌ನ ಬಾಡಿ ಫೈಬರ್‌ನದು. ಅಲ್ಯೂಮಿನಿಯಂ ಬಾಡಿಯಲ್ಲಿ ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಹುಡುಕಿ. ಕಬ್ಬಿಣದ ಚೌಕಟ್ಟು ಅಥವಾ ಬೋಲ್ಟ್ ತಾಗುವ ಕಡೆ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಮತ್ತೆ ಜೋಡಿಸುವಾಗ ನಡುವೆ ಲೇಪನವೋ ಪಟ್ಟಿಯೋ ಇಟ್ಟು ಎರಡನ್ನೂ ಬೇರ್ಪಡಿಸಬೇಕು.

ಕಬ್ಬಿಣದ ಬಾಡಿಯಲ್ಲಿ ಅಲ್ಲಲ್ಲಿ ಹಿಡಿಯದಿದ್ದರೆ ಮೂಲೆಯಲ್ಲಿ ಸ್ವಲ್ಪ ಕೆರೆದು ನೋಡಿ. ತಿಳಿ ಹಸಿರು, ಗುಲಾಬಿ ಅಥವಾ ಬೂದು ಬಣ್ಣದ ಪುಡಿ ಉದುರಿದರೆ ಪಾಲಿಯೆಸ್ಟರ್ ಪುಟ್ಟಿ. ಮೃದುವಾಗಿ, ಚಾಕು ತಾಗಿದ ಕಡೆ ಬೆಳ್ಳಿಯಂತೆ ಹೊಳೆದರೆ ಸೀಸದ ಬೆಸುಗೆ. ಸೀಸ ಕಂಡ ಮಾತ್ರಕ್ಕೆ ಹಿಂದಿನವರು ಮೋಸ ಮಾಡಿದ್ದಾರೆ ಎಂದುಕೊಳ್ಳಬೇಡಿ. ಹಳೆಯ ಕಾರ್ಖಾನೆಗಳಲ್ಲಿ ತಗಡಿನ ಜೋಡಣೆಗಳನ್ನು ಸೀಸದಿಂದಲೇ ಮುಚ್ಚುತ್ತಿದ್ದರು. ಗಟ್ಟಿಯಾಗಿ ಕೂತಿದ್ದರೆ ಹಾಗೆಯೇ ಬಿಡಿ. ತೆಗೆಯಲೇಬೇಕಾದರೆ ಅರದಿಂದ ಉಜ್ಜಿ, ಗ್ರೈಂಡರ್ ತಾಗಿಸಬೇಡಿ.

ಕಾಲಡಿಯ ಹಾಸು ಒದ್ದೆ

ಮೊದಲು ಮೂಸಿ, ಬೆರಳಿಂದ ಮುಟ್ಟಿ ನೋಡಿ. ಸಿಹಿ ವಾಸನೆ, ಅಂಟು ಇದ್ದರೆ ಅದು ಮಳೆಯ ನೀರಲ್ಲ, ಹೀಟರಿನಿಂದ ಸೋರಿದ ಕೂಲೆಂಟ್ (ಎಂಜಿನ್ ತಣಿಸುವ ದ್ರವ). ಜಾರುವ ದ್ರವ ಪೆಡಲ್‌ಗಳ ಹತ್ತಿರ ಇಳಿದಿದ್ದು ಸುತ್ತಲಿನ ಬಣ್ಣವನ್ನು ಮೆತ್ತಗೆ ಮಾಡಿದ್ದರೆ ಬ್ರೇಕ್ ದ್ರವ. ಅದು ಬಾಡಿಯ ಕೆಲಸವೇ ಅಲ್ಲ. ಬ್ರೇಕ್ ಸರಿಯಾಗುವವರೆಗೆ ಕಾರು ಕದಲಬಾರದು.

ಬರಿ ನೀರಾದರೆ ಹಾಸು ಎತ್ತಿ, ನೆಲ ಒರೆಸಿ ಒಣಗಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ಒತ್ತಡವಿಲ್ಲದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಪ್ರತಿ ಜಾಗದಲ್ಲೂ ಕೆಲವು ನಿಮಿಷ. ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ನೀರು ಇಳಿದು ಏನೂ ತಿಳಿಯುವುದಿಲ್ಲ. ಒಳಮೈಗೆ ಟಾಲ್ಕಂ ಪೌಡರ್ ಎರಚಿದ್ದರೆ ನೀರಿನ ಜಾಡು ಗೆರೆಯಾಗಿ ಮೂಡುತ್ತದೆ. ಜಾಡು ಹಿಡಿದು ಮೇಲಕ್ಕೆ ಹೋಗಿ. ಹೊಕ್ಕ ಜಾಗಕ್ಕೂ ತೊಟ್ಟಿಕ್ಕುವ ಜಾಗಕ್ಕೂ ಮಾರುದ್ದ ಅಂತರ ಇರಬಹುದು.

ಬಾಗಿಲಿನೊಳಕ್ಕೆ ನೀರು ಇಳಿಯುವುದು ದೋಷವಲ್ಲ. ಗಾಜಿನ ಮೇಲೆ ಹರಿದದ್ದು ಬಾಗಿಲೊಳಗೆ ಇಳಿದು ತಳದ ರಂಧ್ರಗಳಿಂದ ಹೊರಹೋಗುವಂತೆಯೇ ಅದನ್ನು ಮಾಡಿರುತ್ತಾರೆ. ರಂಧ್ರ ಮುಚ್ಚಿಕೊಂಡರೆ ಮಾತ್ರ ಕೇಡು. ಪ್ಲಾಸ್ಟಿಕ್ ಕಡ್ಡಿಯಿಂದ ತೆರೆಯಿರಿ, ಮುಂಗಾಜಿನ ಕೆಳಗಿನ ಗಾಳಿಕಿಂಡಿಯ ಚರಂಡಿಯನ್ನೂ ನೋಡಿ. ಬೇರಾವ ರಿಪೇರಿಯೂ ಇಷ್ಟು ಅಗ್ಗವಲ್ಲ. ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ, ಅದರ ಮೇಲೆ ಸಿಲಿಕಾನ್ ಮೆತ್ತಬೇಡಿ. ನೀರು ಒಳಗೇ ಸಿಕ್ಕಿಕೊಳ್ಳುತ್ತದೆ; ಮುಂದೆ ಬಣ್ಣ ಹೊಡೆಯುವಾಗ ಅದೇ ಸಿಲಿಕಾನ್ ಇನ್ನೊಂದು ತಲೆನೋವಾಗುತ್ತದೆ.

ಬಾಗಿಲು ಜೋತಿದೆ, ಸಂದು ಸಮವಿಲ್ಲ

ಹಳೆಯ ಕಾರಿನ ಬಾಡಿಯಲ್ಲಿ ಇಷ್ಟು ಮಾತಾಡುವ ಲಕ್ಷಣ ಇನ್ನೊಂದಿಲ್ಲ. ಎಲ್ಲರೂ ಮೊದಲು ತಿರುಗಿಸುವುದು ಹಿಂಜಿನ ಸ್ಕ್ರೂ. ಅದನ್ನು ಮುಟ್ಟದೆ, ಬಾಗಿಲು ಮುಚ್ಚಿಟ್ಟು ಸುತ್ತಲಿನ ಸಂದನ್ನು ಅಳೆಯಿರಿ. ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್‌ಗಳ ನಯವಾದ ತುದಿಯನ್ನು ಸಂದಿಗೆ ತೂರಿಸಿದರೆ ಅಳತೆ ಸಿಗುತ್ತದೆ. ಪ್ರತಿ ಕಡೆಯೂ ಅಂಟುಪಟ್ಟಿಯ ಮೇಲೆ ಮಿಲಿಮೀಟರ್ ಬರೆದಿಡಿ.

ಈಗ ಬಾಗಿಲು ತೆರೆದು ತುದಿಯಲ್ಲಿ ಹಿಡಿದು ಮೇಲಕ್ಕೆತ್ತಿ. ಇನ್ನೊಬ್ಬರು ಹಿಂಜಿನ ಮೇಲೆ ಕಣ್ಣಿಡಲಿ. ಪಿನ್ ಮತ್ತು ಹಿಂಜಿನ ನಡುವೆ ಅಲುಗಿದರೆ ಪಿನ್ ಸವೆದಿದೆ, ಪಿನ್ ಬದಲಿಸಿದರೆ ಮುಗಿಯಿತು. ಹಿಂಜ್ ಗಟ್ಟಿಯಾಗಿದ್ದು ಅದನ್ನು ಹೊತ್ತ ಕಂಬವೇ ಅಲುಗಿದರೆ ಕಂಬದ ಬುಡ ಕೊಳೆತಿದೆ. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಬಾಡಿಯಾದರೆ ಹಿಂಜಿನ ಸ್ಕ್ರೂಗಳು ತಿರುಗುತ್ತಲೇ ಇದ್ದು ಬಿಗಿಯಾಗುವುದಿಲ್ಲ. ದಬ್ಬಳದಿಂದ ಚುಚ್ಚಿದಾಗ ಮರ ಮೆತ್ತಗೆ ಬಿಟ್ಟುಕೊಟ್ಟರೆ ಹೊಸ ಮರ ಬೇಕು, ಉದ್ದನೆಯ ಸ್ಕ್ರೂ ಅಲ್ಲ.

ಅಲುಗಾಟವಿಲ್ಲ, ಆದರೂ ಬಾಗಿಲು ಜೋತಿದೆ ಎಂದಿಟ್ಟುಕೊಳ್ಳಿ. ಬಾಡಿ ಬೇರೆ, ಚಾಸಿ ಬೇರೆ ಇರುವ ಕಾರಾದರೆ ಕೆಳಗೆ ಇಣುಕಿ. ಎರಡರ ನಡುವೆ ರಬ್ಬರ್, ಮರ ಅಥವಾ ದಪ್ಪ ಬಟ್ಟೆಯ ಗದ್ದುಗೆಗಳಿರುತ್ತವೆ. ಒಂದು ಕುಗ್ಗಿದರೂ ಬಾಡಿ ಅಲ್ಲಿ ಇಳಿದು ಬಾಗಿಲಿನ ಸಂದು ಬದಲಾಗುತ್ತದೆ. ತೆಳುವಾದ ತಗಡಿನ ಬಿಲ್ಲೆ ಸೇರಿಸಿ ಎತ್ತಿದರೆ ಬಾಗಿಲು ತಾನಾಗಿ ಸಾಲಿಗೆ ಬರುವುದುಂಟು. ಇಷ್ಟು ಸುಲಭದ ಉಪಾಯವನ್ನು ಬಿಟ್ಟು ಬಾಗಿಲಿನ ಅಂಚಿಗೆ ಪುಟ್ಟಿ ಕಟ್ಟಿ ಸಂದು ಸರಿಮಾಡಿದ ಕಾರುಗಳಿಗೆ ಲೆಕ್ಕವಿಲ್ಲ.

ಬಾಡಿಯೇ ಚಾಸಿಯಾಗಿರುವ ಕಾರುಗಳಲ್ಲಿ ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ತೊಲೆ, ಅಂದರೆ ಸಿಲ್, ಕಾರಿನ ಬೆನ್ನೆಲುಬು. 1934ರ ಸಿಟ್ರೊಯೆನ್ ಟ್ರಾಕ್ಸಿಯಾಂ ಅವಾಂ ಈ ಬಗೆಯ ರಚನೆಯನ್ನು ದೊಡ್ಡ ಪ್ರಮಾಣದಲ್ಲಿ ರಸ್ತೆಗಿಳಿಸಿದ ಮೊದಲಿಗರಲ್ಲಿ ಒಂದು. ಇಂಥ ಕಾರಿನಲ್ಲಿ ಪರೀಕ್ಷೆ ಹೀಗೆ: ಚಕ್ರಗಳ ಮೇಲೆ ನಿಂತಾಗಿನ ಸಂದು ಬರೆದಿಟ್ಟುಕೊಂಡು, ಒಂದು ಬದಿಯನ್ನು ಜ್ಯಾಕಿನಿಂದ ನಿಧಾನವಾಗಿ ಎತ್ತಿ ಮತ್ತೆ ಅಳೆಯಿರಿ. ಕೂದಲೆಳೆಯ ವ್ಯತ್ಯಾಸ ಸಹಜ, ಛಾವಣಿಯಿಲ್ಲದ ಕಾರಿನಲ್ಲಿ ಸ್ವಲ್ಪ ಹೆಚ್ಚೇ ಇರುತ್ತದೆ. ಆದರೆ ತೆರೆಯುತ್ತಿದ್ದ ಬಾಗಿಲು ಕಚ್ಚಿಕೊಂಡರೆ, ಅಥವಾ ಸಂದಿನ ಮೇಲ್ತುದಿ ಕಣ್ಣಿಗೆ ಕಾಣುವಷ್ಟು ಮುಚ್ಚಿಕೊಂಡರೆ ಸಿಲ್ ಒಳಗೇ ಟೊಳ್ಳಾಗಿದೆ. ಹೊರ ತಗಡು ಹೊಳೆಯುತ್ತಿದ್ದರೂ ನಂಬಬೇಡಿ.

ಸಿಲ್ ಕತ್ತರಿಸುವ ಧೈರ್ಯ ಇದ್ದವರಿಗೂ ಕ್ರಮ ಇದೆ. ಬಾಗಿಲಿನ ಚೌಕಟ್ಟಿಗೆ ಅಡ್ಡ ಮತ್ತು ಓರೆ ಕಂಬಿ ಬೆಸೆದು ಆಧಾರ ಕೊಡದೆ ಕತ್ತರಿಸಬೇಡಿ. ಕಾರಿನ ಭಾರ ಚಕ್ರಗಳ ಬಳಿಯೇ ಬೀಳುವಂತೆ ಸಮತಟ್ಟಾಗಿ ನಿಲ್ಲಿಸಿ, ಕಾರಿನ ನಡುಭಾಗದಲ್ಲಿ ಎತ್ತಬೇಡಿ. ಒಂದು ಬದಿ ಮುಗಿದ ಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ಬಾಗಿಲು ತೂಗುಹಾಕಿ ಸಂದು ನೋಡಿ. ತಪ್ಪು ಅಳತೆಯಲ್ಲಿ ಬೆಸೆದ ಬಾಡಿಯನ್ನು ಆಮೇಲೆ ನೇರ ಮಾಡುವುದು ಹೊಸದು ಕಟ್ಟಿದಷ್ಟೇ ಕೆಲಸ.

ಕೊಳೆತ ಜಾಗ ಸಸ್ಪೆನ್ಷನ್, ಸ್ಟೀರಿಂಗ್ ಪೆಟ್ಟಿಗೆ ಅಥವಾ ಸೀಟ್ ಬೆಲ್ಟ್ ಕೂರುವ ಬುಡದಲ್ಲಿದ್ದರೆ, ಜ್ಯಾಕಿನ ಜಾಗ ಕುಸಿದಿದ್ದರೆ, ಚಾಸಿಯಲ್ಲಿ ಬಿರುಕು ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ರಚನಾ ವೆಲ್ಡಿಂಗ್ ಬಲ್ಲ ಕುಶಲಕರ್ಮಿಗೆ ಒಪ್ಪಿಸಿ.

ತಗಡು ಒತ್ತಿದರೆ ಟಪ್ಪೆಂದು ಒಳಹೊರಗಾಗುತ್ತದೆ

ತಗಡಿನ ಮೇಲೆ ವೆಲ್ಡಿಂಗ್ ಆದ ನಂತರ ಈ ಸದ್ದು ಶುರುವಾಗಿದ್ದರೆ ಬೆಸುಗೆಯ ಗೆರೆ ತಣಿಯುವಾಗ ಕುಗ್ಗಿ ಸುತ್ತಲಿನದನ್ನು ಎಳೆದಿದೆ. ಸುತ್ತಿಗೆ ಮತ್ತು ಡಾಲಿಯ (ತಗಡಿನ ಹಿಂಬದಿಗೆ ಒತ್ತಿ ಹಿಡಿಯುವ ಲೋಹದ ಗಟ್ಟಿಯ) ನಡುವೆ ಬೆಸುಗೆಯನ್ನೇ ಹದವಾಗಿ ತಟ್ಟಿ ಹಿಗ್ಗಿಸಬೇಕು. ವೆಲ್ಡಿಂಗ್ ಆಗಿಲ್ಲ, ಹಳೆಯ ನೆಗ್ಗು ಎತ್ತಿದ ಜಾಗ ಎಂದಾದರೆ ಅಲ್ಲಿ ತಗಡೇ ಹಿಗ್ಗಿದೆ. ಡಾಲಿಯ ಮೇಲೆ ನೇರವಾಗಿ ಬಡಿದಷ್ಟೂ ತಗಡು ತೆಳ್ಳಗಾಗಿ ಹರಡುತ್ತದೆ, ಹೆಚ್ಚು ಬಡಿಯುವವರ ಕೈಯಲ್ಲೇ ಈ ದೋಷ ಹೆಚ್ಚು. ಇದಕ್ಕೆ ಕುಗ್ಗಿಸುವುದೇ ಮದ್ದು: ಉಬ್ಬಿನ ನೆತ್ತಿಯಲ್ಲಿ ಬೆರಳುಗುರಿನಷ್ಟು ಜಾಗವನ್ನು ಮಂದ ಕೆಂಪಗೆ ಕಾಯಿಸಿ, ಸುತ್ತ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿ. ಅಲ್ಯೂಮಿನಿಯಂಗೆ ಈ ಉಪಾಯ ಬೇಡ. ಅದು ಕೆಂಪಾಗದೆಯೇ 660 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕರಗಿ ಕೆಳಗೆ ಬೀಳುತ್ತದೆ.

ತೆಳು ತಗಡನ್ನು ಬೆಸೆಯುವಾಗ ಉದ್ದ ಗೆರೆ ಎಳೆಯಬೇಡಿ. 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರದಲ್ಲಿ ಒಂದು ಚುಕ್ಕೆ, ದೂರದಲ್ಲಿ ಇನ್ನೊಂದು, ತಣಿದ ಮೇಲೆ ನಡುವೆ ಮತ್ತೊಂದು.

ಬೆಸುಗೆಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಹಾಸು, ರಬ್ಬರ್, ತಳಲೇಪನ ತೆಗೆಯಿರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡನ್ನು ಎಂದೂ ಬೆಸೆಯಬೇಡಿ, ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಅಗ್ನಿಶಾಮಕ ಹಿಡಿದ ಒಬ್ಬರು ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಕಾರನ್ನು ಬಿಟ್ಟು ಹೋಗಬೇಡಿ, ಕಿಡಿ ಒಳಗೆಲ್ಲೋ ಹೊಗೆಯಾಡುತ್ತಿರಬಹುದು.

ಪುಟ್ಟಿ ಬಿರಿದಿದೆ, ಅಥವಾ ಅದರ ಅಂಚು ಬಣ್ಣದೊಳಗೆ ಮೂಡಿದೆ

ಬಿರುಕಿಗೆ ಕಾರಣ ಸಾಮಾನ್ಯವಾಗಿ ದಪ್ಪ. ಸುಮಾರು 3 ಮಿ.ಮೀ.ಗಿಂತ ಹೆಚ್ಚು ಪುಟ್ಟಿ ಬೇಕೆನಿಸಿದರೆ ತಗಡನ್ನು ಇನ್ನೂ ನೇರ ಮಾಡಬೇಕು ಎಂದರ್ಥ. ತೆಳುವಾಗಿದ್ದೂ ಬಿರಿದರೆ ಕೆಳಗಿನ ತಗಡು ಆಡುತ್ತಿದೆ, ತಗಡು ಟಪ್ಪೆನ್ನುವ ಹಿಂದಿನ ಭಾಗವನ್ನು ನೋಡಿ. ಪದರವಾಗಿ ಎದ್ದು ಬಂದರೆ ತುಕ್ಕು, ಆಮ್ಲದ ಶೇಷ ಅಥವಾ ಹೊಳಪು ಬಣ್ಣದ ಮೇಲೆ ಹಾಕಿದ್ದಾರೆ.

ಅಂಚು ಗೆರೆಯಾಗಿ ಮೂಡಿದರೆ ಅವಸರ: ಪುಟ್ಟಿ, ಪ್ರೈಮರ್ ಕುಗ್ಗಿ ನಿಲ್ಲುವ ಮೊದಲೇ ಬಣ್ಣ ಬಿದ್ದಿದೆ. ಬಣ್ಣದಲ್ಲಿ ಹಳದಿ ಕಲೆ ಎದ್ದರೆ ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಅತಿಯಾಗಿದೆ. ತೂಕದಲ್ಲಿ ಸುಮಾರು ಶೇ. 2 ಸಾಕು. ಪುಟ್ಟಿ ನೀರು ಹೀರುತ್ತದೆ, ಹಾಗಾಗಿ ಅದನ್ನು ಒಣದಾಗಿಯೇ ಉಜ್ಜಬೇಕು. ಹಳೆಯ ಬಣ್ಣಕ್ಕೆ ಹೇಳಿದ್ದಕ್ಕೆ ಇದು ತದ್ವಿರುದ್ಧ, ಆದ್ದರಿಂದ ಸೀಸದ ಬಣ್ಣ ಸುತ್ತಲೂ ಪೂರ್ತಿ ಹೋದ ಮೇಲೆಯೇ ಪುಟ್ಟಿಗೆ ಎಮರಿ ಹಿಡಿಯಿರಿ.

ಪ್ರೈಮರ್ ಹೊಡೆದ ಮೇಲೂ ಕಿತ್ತಳೆ ಚುಕ್ಕೆ

ಸಾಮಾನ್ಯ ಪ್ರೈಮರ್ ತೇವ ತಡೆಯುವುದಿಲ್ಲ, ಹೀರಿಕೊಳ್ಳುತ್ತದೆ. ಪ್ರೈಮರ್ ಬಳಿದ ಕಾರನ್ನು ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಲಿಸಿದರೆ ಕೆಳಗೆ ತುಕ್ಕು ಶುರುವಾಗಿರುತ್ತದೆ. ಅಲ್ಲಲ್ಲಿ ಚುಕ್ಕೆಯಾದರೆ ಕುಳಿಯಲ್ಲಿ ಉಳಿದ ಹಳೆಯ ತುಕ್ಕು. ಬೆರಳಿನ ಆಕಾರವಾದರೆ ಬೆವರುಗೈ. ಎರಡಕ್ಕೂ ಬರಿ ತಗಡಿನವರೆಗೆ ಹಿಂದಿರುಗಿ ಎಪಾಕ್ಸಿ ಪ್ರೈಮರಿನಿಂದ ಮತ್ತೆ ಶುರುಮಾಡಬೇಕು, ಮೇಲೆ ಇನ್ನೊಂದು ಕೋಟು ಹೊಡೆದು ಪ್ರಯೋಜನವಿಲ್ಲ.

ಹೊಸ ಬಣ್ಣ ಸುಕ್ಕಾಯಿತು, ಕುಳಿ ಬಿತ್ತು, ಮಂಜಾಯಿತು

ಹೊಡೆಯುವ ಮುನ್ನವೇ ಮಾಡಬೇಕಾದ ಪರೀಕ್ಷೆ ಒಂದಿದೆ. ಕಾಣದ ಮೂಲೆಯಲ್ಲಿ ಹಳೆಯ ಬಣ್ಣವನ್ನು ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಸೆಲ್ಯುಲೋಸ್ ಲ್ಯಾಕರ್, 1920ರ ದಶಕದಿಂದ ಬಳಕೆಗೆ ಬಂದದ್ದು. ಸುಕ್ಕುಗಟ್ಟಿ ಎದ್ದರೆ ಎನಾಮೆಲ್. ಅದರ ಮೇಲೆ ನೇರವಾಗಿ ಲ್ಯಾಕರ್ ಹೊಡೆದರೆ ಇಡೀ ಫಲಕ ಅದೇ ಸುಕ್ಕಾಗುತ್ತದೆ.

ಮೀನಿನ ಕಣ್ಣಿನಂಥ ದುಂಡು ಕುಳಿಗಳು ಸಿಲಿಕಾನಿನ ಗುರುತು, ಪಾಲಿಷಿನಿಂದಲೋ ರಬ್ಬರಿಗೆ ಬಳಿದ ದ್ರವದಿಂದಲೋ ಬಂದದ್ದು. ಮೇಲೆ ಹೊಡೆದು ಮುಚ್ಚಲಾಗದು. ಒಣಗಿಸಿ, ಜಿಡ್ಡು ತೆಗೆಯುವ ದ್ರವದಿಂದ ಒರೆಸಿ, ಉಜ್ಜಿ, ಮತ್ತೆ ಒರೆಸಿ. ಲ್ಯಾಕರ್ ಹಾಲಿನ ಮಂಜಿನಂತೆ ಬೆಳ್ಳಗಾದರೆ ಗಾಳಿಯ ತೇವ: ನಿಧಾನವಾಗಿ ಆರುವ ಥಿನ್ನರ್ ಬಳಸಿ, ಮಳೆಯ ದಿನ ಸ್ಪ್ರೇ ಗನ್ ಎತ್ತಬೇಡಿ. ಕಿತ್ತಳೆ ಸಿಪ್ಪೆಯಂಥ ಮೈ ಬಂದರೆ ಭಯವಿಲ್ಲ. ಪೂರ್ತಿ ಒಣಗಿದ ಮೇಲೆ 1500, 2000ರ ಕಾಗದದಲ್ಲಿ ನೀರು ಹಾಕಿ ಉಜ್ಜಿ ಪಾಲಿಷ್ ಮಾಡಿದರೆ ಹೋಗುತ್ತದೆ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಮಾತ್ರ ಪಟ್ಟಿ ಅಂಟಿಸಿಕೊಳ್ಳಿ.

ಹಾರ್ಡನರ್ ಬೆರೆಸುವ ಎರಡು ಘಟಕದ ಬಣ್ಣವನ್ನು ಮನೆಯಲ್ಲಿ ಹೊಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ವಾಸನೆಯ ಮುನ್ಸೂಚನೆಯೂ ಸಿಗುವುದಿಲ್ಲ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ, ಗಾಳಿ ಹೀರುವ ಬೂತ್ (ಬಣ್ಣ ಹೊಡೆಯುವ ಕೋಣೆ) ಇಲ್ಲದೆ ಅದರ ಡಬ್ಬಿ ತೆರೆಯಬೇಡಿ. ಪ್ರೈಮರಿನವರೆಗೆ ನೀವೇ ಮುಗಿಸಿ, ಕೊನೆಯ ಬಣ್ಣಕ್ಕೆ ಬೂತ್ ಇರುವ ಪೇಂಟರಿಗೆ ಕೊಡಿ. ಈ ಮಧ್ಯೆ ಎದೆ ಬಿಗಿತ, ಕೆಮ್ಮು, ಉಸಿರು ಕಟ್ಟಿದ ಅನುಭವ ಆದರೆ ಕೆಲಸ ಬಿಟ್ಟು ವೈದ್ಯರನ್ನು ಕಾಣಿ.

ಬಣ್ಣ ಪೂರ್ತಿ ಒಣಗಿದ ಬಳಿಕವೇ ಸಿಲ್ ಮತ್ತು ಬಾಗಿಲುಗಳ ಒಳಕ್ಕೆ ಟೊಳ್ಳುಭಾಗಗಳಲ್ಲಿ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿ. ಮೊದಲೇ ಸಿಂಪಡಿಸಿದರೆ ಸಂದಿಗಳಿಂದ ಒಸರಿ ಬಣ್ಣವನ್ನು ಕೆಡಿಸುತ್ತದೆ. ಮೇಣ ಗಟ್ಟಿಯಾಗುವಷ್ಟರಲ್ಲಿ ತಳದ ರಂಧ್ರಗಳಿಗೆ ಮತ್ತೊಮ್ಮೆ ಕಡ್ಡಿ ಆಡಿಸಿ, ಅದೇ ಮೇಣ ಅವನ್ನು ಮುಚ್ಚಿರುತ್ತದೆ.